ಹೂಂ ಪೆಟ್ಟಿಗೆ

ದುಡ್ಡು ಎಲ್ಲಿಗೂ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಾರ್ಡು ಉಜ್ಜಿದ ಕೂಡಲೇ ತಮ್ಮ ರೊಕ್ಕ ತಂತಿಯೊಳಗೆ ಸುರುಳಿ ಸುತ್ತಿಕೊಂಡು ಓಡುತ್ತದೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಓಡುವುದು ಒಂದು ಪ್ರಶ್ನೆ ಮಾತ್ರ. ಅಂಗಡಿಯ ಯಂತ್ರ ತನ್ನ ಬ್ಯಾಂಕನ್ನು ಕೇಳುತ್ತದೆ. ಆ ಬ್ಯಾಂಕು ನಾಗಪುರದ ನೆಲಮಾಳಿಗೆಯಲ್ಲಿರುವ ರಾಷ್ಟ್ರೀಯ ಕವಲುಮನೆಯನ್ನು ಕೇಳುತ್ತದೆ. ರೈಲು ಹಳಿ ತಿರುಗಿಸುವ ಹಾಗೆ ಕವಲುಮನೆ ಆ ಪ್ರಶ್ನೆಯನ್ನು ಕಾರ್ಡು ಕೊಟ್ಟ ಬ್ಯಾಂಕಿನ ಕಡೆ ತಿರುಗಿಸುತ್ತದೆ: ಇವರ ಹತ್ತಿರ ಇಷ್ಟು ಇದೆಯೇ, ಕೊಡಬಹುದೇ? ಹೂಂ ಎಂದೋ ಊಹೂಂ ಎಂದೋ ಉತ್ತರ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಬ್ಯಾಂಕುಗಳು ಸಾವಕಾಶವಾಗಿ ನೀನು ನನಗೆಷ್ಟು, ನಾನು ನಿನಗೆಷ್ಟು ಎಂದು ಕಳೆದು, ಉಳಿದದ್ದನ್ನಷ್ಟೇ ಆಚೀಚೆ ಬರೆದುಕೊಳ್ಳುತ್ತವೆ. ಹೀಗೆ ಇಡೀ ದೇಶದ ಸಂಸಾರ ಒಂದು ಹೂಂ ಮೇಲೆ ನಿಂತಿದೆ. ಜಮಖಂಡಿಯ ಹೆಂಗಸರು ಆ ಯಂತ್ರಕ್ಕೆ ಹೂಂ ಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಅದನ್ನು ಕಟ್ಟಿದ ಇಂಜಿನಿಯರುಗಳಿಗೆ ಇಷ್ಟು ಒಳ್ಳೆಯ ಹೆಸರು ಹೊಳೆದಿರಲಿಲ್ಲ.

ನಾನು ಹೇಳುವ ಕಾಲಕ್ಕೆ ನೋಟು, ಚಿಲ್ಲರೆ ಎಲ್ಲ ವಸ್ತು ಸಂಗ್ರಹಾಲಯ ಸೇರಿದ್ದವು. ಕಾರ್ಡಿನ ಗುಪ್ತಸಂಖ್ಯೆಯೂ ಹೋಗಿತ್ತು. ಅದು ಹೋದದ್ದಕ್ಕೆ ಕಾರಣವಿತ್ತು. ಫೋನಿನಲ್ಲಿ ಪೊಲೀಸರಂತೆ ಗದರಿಸಿ, ವಯಸ್ಸಾದವರನ್ನು ಅವರ ಮನೆಯಲ್ಲೇ ದಿನಗಟ್ಟಲೆ ಕೂರಿಸಿ, ಅವರ ಕೈಯಿಂದಲೇ ಸಂಖ್ಯೆ ಒತ್ತಿಸಿ ಜೀವಮಾನದ ಗಳಿಕೆ ದೋಚುವ ಕಳ್ಳರು ಹೆಚ್ಚಾಗಿದ್ದರು. ಒತ್ತಿದ ಸಂಖ್ಯೆ ಸರಿಯಾಗಿರುತ್ತಿತ್ತು, ಬೆರಳೂ ಅವರದೇ. ಒಳಗಿನ ಮನಸ್ಸು ಮಾತ್ರ ಅವರದಾಗಿರುತ್ತಿರಲಿಲ್ಲ. ಕವಲುಮನೆಯ ಮುಖ್ಯ ವಿಜ್ಞಾನಿ ಡಾಕ್ಟರ್ ವರದರಾಜನಿಗೆ ಆಗ ಒಂದು ಪ್ರಶ್ನೆ ಹುಟ್ಟಿತು. ಯಂತ್ರ ಬೆರಳನ್ನು ಗುರುತಿಸುವ ಬದಲು ಮನಸ್ಸನ್ನು ಗುರುತಿಸಿದರೆ?

ಗುರುತಿಸುವ ಹಾಗೆ ಮಾಡಿಯೂಬಿಟ್ಟ. ದೊಡ್ಡ ಮೊತ್ತ ಕಳಿಸುವವರು ಪೆಟ್ಟಿಗೆಯ ಮುಂದೆ ನಿಂತು, ಹಣ ಯಾರಿಗೆ ಹೋಗಬೇಕೋ ಅವರ ಹೆಸರನ್ನು ತಮ್ಮ ಬಾಯಿಂದ ಹೇಳಬೇಕು. ದನಿ ಯಾರದೆಂದು ತಿಳಿಯುವುದು ಸುಲಭದ ಕೆಲಸ. ಪೆಟ್ಟಿಗೆ ಅದರ ಮೇಲೂ ಅಳೆಯುತ್ತಿತ್ತು: ಹೆಸರಿಗೆ ಮುಂಚೆ ಉಸಿರು ಎಷ್ಟು ತಡೆಯಿತು, ಗಂಟಲು ನಡುಗಿತೇ, ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟಿದರೇ, ಮಾತು ಆಗಲೇ ಹುಟ್ಟಿದ್ದೋ ಅಥವಾ ಯಾರೋ ಬಾಯಿಪಾಠ ಮಾಡಿಸಿದ್ದೋ. ಅಳುಕು ಕಂಡರೆ ಊಹೂಂ. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಹಣ ಪಡೆಯಬೇಕಾದವರ ಹೆಸರಿಗೆ 'ಒತ್ತಾಯದ ಶಂಕಿತರು' ಎಂಬ ಗುರುತು ಬಿದ್ದು, ಅವರ ಖಾತೆಗೂ ಮೂರು ದಿನ ಬೀಗ ಬೀಳುತ್ತಿತ್ತು. ಕಳ್ಳ ಓಡಿಹೋಗಬಾರದಲ್ಲ.

ನೀಲವ್ವ ಜಮಖಂಡಿಯಲ್ಲಿ ತನ್ನ ನೆರೆಯವಳಾದ ಹಸೀನಾಳ ಜೊತೆ ಪಾಲಿನಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅವಳ ಗಂಡ ಅದನ್ನೆಲ್ಲ ವ್ಯಾನಿಗೆ ಹೇರಿಕೊಂಡು ಹೋಗಿ ಸೊಲ್ಲಾಪುರ, ಪುಣೆಯ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಗಂಡನ ಹೆಸರು ಮಹಾರುದ್ರಪ್ಪ. ಇದನ್ನು ನಾನು ಹೇಳುತ್ತಿದ್ದೇನೆ, ನೀಲವ್ವ ಹೇಳುವವಳಲ್ಲ. ಅವಳಿಗೆ ಅವನು 'ನಮ್ಮ ಮನಿಯವ್ರು', ಸಿಟ್ಟು ಬಂದಾಗ 'ಆ ಮನಶ್ಯಾ'. ರೇಶನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಹಸೀನಾಳನ್ನು ತಿವಿದು ಅವಳಿಂದ ಹೇಳಿಸುತ್ತಿದ್ದಳು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ನೀನು ಅದನ್ನು ನಂಬುತ್ತೀಯಾ ಎಂದು ಕೇಳಿದರೆ ನೀಲವ್ವ ನಗುತ್ತಿದ್ದಳು. ನಕ್ಕರೂ ಹೆಸರು ಹೇಳುತ್ತಿರಲಿಲ್ಲ.

ಆ ಹೆಸರು ಹೊರಗೆ ಬರಲು ಒಂದೇ ಬಾಗಿಲಿತ್ತು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು 'ಹೆಸರು ಹೇಳಿ ಒಳಗ ಬಾ' ಎಂದು ಪಟ್ಟು ಹಿಡಿದಾಗ ಒಡಪು ಹೇಳಬೇಕು, ಒಡಪಿನ ಕೊನೆಗೆ ಗಂಡನ ಹೆಸರು ಸೇರಿಸಬೇಕು. ಹಾಗೆ ಹೇಳಿದರೆ ದೋಷವಿಲ್ಲ. ನೀಲವ್ವನ ಒಡಪು ಓಣಿಗೆಲ್ಲ ಗೊತ್ತಿತ್ತು:

ಎಳ್ಳ ಹಚ್ಚಿದ ರೊಟ್ಟಿ ಮ್ಯಾಲ ಬೆಳ್ಳನ್ನ ಬೆಣ್ಣಿ ಇಟ್ಟೀನಿ,
ಹಳ್ಳ ದಾಟಿ ಬರಾವ್ರಿಗೆ ಹೊಸ್ತಿಲದಾಗ ನಿಂತೀನಿ,
ಎಲ್ಲಾರ ಮುಂದ ಮಹಾರುದ್ರಪ್ಪನೋರ ಹೆಸರ ಅಂದೀನಿ.

ಗಂಡಸರಿಗೂ ಒಡಪು ಹೇಳಿಸುತ್ತಾರೆ. ಬಹಳ ಗಂಡಸರು ತಡವರಿಸಿ ಕೈಮುಗಿದು ತಪ್ಪಿಸಿಕೊಳ್ಳುತ್ತಾರೆ. ಮಹಾರುದ್ರಪ್ಪನದು ಬೇರೆ ಜಾತಿಯ ಉತ್ಸಾಹ. ಯಾರೂ ಕೇಳದಿದ್ದರೂ, ವ್ಯಾನಿಗೆ ರೊಟ್ಟಿ ಏರಿಸುವಾಗ, ಹೆಂಡತಿ ಸಿಟ್ಟಿನಲ್ಲಿದ್ದಾಗ ಬೇಕೆಂದೇ ದನಿ ಎತ್ತಿ ಹೇಳುತ್ತಿದ್ದ:

ಗುಳೇದಗುಡ್ಡದ ಖಣಾ ತಂದೆ, ಇಲಕಲ್ಲ ಸೀರಿ ತಂದೆ,
ನೀಲವ್ವನ ನಗಿ ಮುಂದ ಎಲ್ಲಾ ಕಡಿಮಿ ಅಂದೆ.

'ಸಾಕ್ ಸುಮ್ನಿರ್ರಿ, ಮಂದಿ ನೋಡ್ತಾರ' ಎಂದು ನೀಲವ್ವ ಗದರುತ್ತಿದ್ದಳು. ಮಂದಿ ನೋಡಲಿ ಎಂಬ ಆಸೆ ಅವಳಿಗೂ ಇತ್ತೆನ್ನುವುದು ಓಣಿಯಲ್ಲಿ ಗುಟ್ಟಾಗಿರಲಿಲ್ಲ.

ಆ ದಿನ ಮುಂಜಾನೆ ವ್ಯಾನು ಹೊರಟುಹೋದ ಮೇಲೆ, ನೀಲವ್ವ ಎರಡನೇ ಸಲದ ಹಿಟ್ಟು ನಾದುತ್ತಿದ್ದಾಗ ಫೋನು ಬಂತು. ಸೊಲ್ಲಾಪುರದ ಒಂದು ಆಸ್ಪತ್ರೆಯ ಗುಮಾಸ್ತ.

"ಅವ್ವಾರ, ನಿಮ್ಮ ಯಜಮಾನ್ರಿಗೆ ಲಕ್ವಾ ಹೊಡದೈತ್ರಿ. ಮೆದುಳಿನ ನಾಳದಾಗ ರಕ್ತ ಹೆಪ್ಪಗಟ್ಟೈತಿ. ಅದನ್ನ ಕರಗಸೂ ಇಂಜೆಕ್ಷನ್ ಐತಿ. ಆದ್ರ ನಾಕೂವರಿ ತಾಸಿನೊಳಗ ಕೊಟ್ರಷ್ಟ ಉಪಯೋಗ, ಎರಡು ತಾಸು ಆಗ್ಲೇ ಹೋಗ್ಯಾವು. ಅವ್ರ ಖಾತೆದಾಗ ಅಷ್ಟು ರೊಕ್ಕ ಇಲ್ಲ. ಲಗೂನ ಹಾಕ್ರಿ."

"ನಿಮ್ಮ ಆಸ್ಪತ್ರಿಗೇ ಹಾಕ್ತೀನ್ರಿ ಯಪ್ಪಾ, ಈಗಿಂದೀಗ ಹಾಕ್ತೀನಿ."

"ಹಂಗ ಬರೂದಿಲ್ರೀ. ರೋಗಿ ಖಾತೆದಿಂದನ ಮುರಕೋಬೇಕಂತ ಕಾಯ್ದೆ ಐತಿ."

ರೊಕ್ಕಕ್ಕೆ ಕೊರತೆ ಇರಲಿಲ್ಲ. ಇದನ್ನು ನೆನಪಿಡಿ. ಬಡತನದ ಕತೆ ಇದಲ್ಲ. ನೀಲವ್ವನ ಖಾತೆಯಲ್ಲಿ ಅದರ ನಾಲ್ಕು ಪಟ್ಟು ಇತ್ತು, ಅವಳೇ ರೊಟ್ಟಿ ಬಡಿದು ಗಳಿಸಿದ್ದು. ಹಿಟ್ಟಿನ ಕೈಯಲ್ಲೇ ಕಾರ್ಡು ಹಿಡಿದು, ಹಸೀನಾಳ ಜೊತೆ ಓಣಿಯ ತುದಿಯ ಕಿರಾಣಿ ಅಂಗಡಿಗೆ ಓಡಿದಳು. ಅಂಗಡಿಯ ಮೂಲೆಯಲ್ಲಿ ಪೆಟ್ಟಿಗೆ ಇತ್ತು. ಕಾರ್ಡು ತೂರಿಸಿ, ಮೊತ್ತ ಒತ್ತಿ, ಗಂಡನ ಖಾತೆಯನ್ನು ತೋರಿಸಿದಳು.

"ದಯವಿಟ್ಟು ಹಣ ಪಡೆಯುವವರ ಹೆಸರನ್ನು ಸ್ಪಷ್ಟವಾಗಿ ಹೇಳಿ" ಎಂದಿತು ಪೆಟ್ಟಿಗೆ.

ನೀಲವ್ವ ಬಾಯಿ ತೆರೆದಳು. ಅತ್ತ ಅವನ ಜೀವ ತೂಗಾಡುತ್ತಿತ್ತು. ಅವನ ಆಯುಷ್ಯದ ಒಂದೊಂದು ಕ್ಷಣವೂ ಬೇಕಾಗಿರುವ ಇಂಥ ಹೊತ್ತಿನಲ್ಲೇ ಅವನ ಹೆಸರು ಹಿಡಿಯಬೇಕು. ಇಷ್ಟು ವರ್ಷ ನಕ್ಕು ತೇಲಿಸಿದ ಅವ್ವನ ಮಾತು ಈಗ ಗಂಟಲಿಗೆ ಅಡ್ಡ ಬಂತು.

"ನಮ್ಮ... ನಮ್ಮ ಮನಿಯವ್ರಿಗ್ರಿ."

"ಹೆಸರು ದಾಖಲಾಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ."

"ಹೇಳಕ್ಕಾ, ಹೇಳು. ಈಗೆಲ್ಲಿ ನಾಚಿಕಿ ಹಚ್ಚೀದಿ?" ಎಂದು ಹಸೀನಾ ಕಿವಿಯಲ್ಲಿ ಪಿಸುಗುಟ್ಟಿದಳು. ಹೆಸರನ್ನು ಅವಳೇ ಹೇಳುವಂತಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು, ಆದರೆ ಪೆಟ್ಟಿಗೆಗೆ ರೇಶನ್ ಅಂಗಡಿಯವನ ತಾಳ್ಮೆ ಇರಲಿಲ್ಲ.

ಆಗ ನೀಲವ್ವನಿಗೆ ಒಂದು ದಾರಿ ಕಂಡಿತು. ಆಯುಷ್ಯ ಸವೆಯದ ದಾರಿ. ಕಣ್ಣು ಮುಚ್ಚಿಕೊಂಡು, ಕಿರಾಣಿ ಅಂಗಡಿಯ ಎಣ್ಣೆ ಡಬ್ಬಿಗಳ ನಡುವೆ ನಿಂತು, ತನ್ನ ಒಡಪನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಹೆಸರು ಬರುವಾಗ ದನಿ ಎಲ್ಲೂ ಸೋಲಲಿಲ್ಲ. ಹಸೀನಾ ಕಣ್ಣೊರೆಸಿಕೊಂಡಳು.

ಪೆಟ್ಟಿಗೆ ಕೆಂಪಾಯಿತು.

ನಾಗಪುರದ ನೆಲಮಾಳಿಗೆಯಲ್ಲಿ ಅನ್ನಪೂರ್ಣಾ ಬಳೂಟಗಿ ಎಂಬವಳು ಕೆಂಪು ಬಿದ್ದ ದನಿಗಳನ್ನು ಕೇಳುವ ಕೆಲಸದಲ್ಲಿದ್ದಳು. ಓದಿದ್ದು ಸಂಖ್ಯಾಶಾಸ್ತ್ರ, ಹುಟ್ಟಿದ್ದು ಗಜೇಂದ್ರಗಡದ ಕಡೆ. ಯಂತ್ರ ತಡೆದ ಒಂದೊಂದು ದನಿಯನ್ನೂ ಕಿವಿಗೊಟ್ಟು ಕೇಳಿ, ನಿಜವಾಗಿ ಕಳ್ಳತನವೆನ್ನಿಸಿದರೆ ಅವಳು ಒಂದು ಗುಂಡಿ ಒತ್ತಬೇಕು, ಪೊಲೀಸರಿಗೆ ಸುದ್ದಿ ಹೋಗುತ್ತದೆ. ಅವಳ ಮೇಜಿನ ಮೇಲೆ ಇದ್ದದ್ದು ಅದೊಂದೇ ಗುಂಡಿ. ತಡೆದದ್ದನ್ನು ಬಿಡುಗಡೆ ಮಾಡುವ ಗುಂಡಿ ಯಾವ ಮನುಷ್ಯರ ಕೈಗೂ ಸಿಗದಂತೆ ನೋಡಿಕೊಂಡಿದ್ದರು. ಮನುಷ್ಯರು ಲಂಚ ತಿನ್ನುತ್ತಾರೆ, ಮನುಷ್ಯರಿಗೆ ಕರುಣೆ ಬರುತ್ತದೆ. ಎರಡೂ ಒಂದೇ ಬಗೆಯ ದೋಷ ಎಂದು ನಿಯಮ ಬರೆದವರು ತೀರ್ಮಾನಿಸಿದ್ದರು.

ಒಡಪು ಕಿವಿಗೆ ಬಿದ್ದಾಗ ಅನ್ನಪೂರ್ಣಾ ಮೊದಲು ನಕ್ಕಳು. ಎಷ್ಟೋ ವರ್ಷಗಳ ಮೇಲೆ ಊರಿನ ಮದುವೆ ಮನೆಯ ಬಾಗಿಲಲ್ಲಿ ನಿಂತ ಹಾಗಾಗಿತ್ತು. ನಗುತ್ತಲೇ ಪರದೆ ನೋಡಿದಳು. ಮೊದಲ ಸಲ: ದೀರ್ಘ ಮೌನ, ಗಂಟಲ ನಡುಕ, ಪಕ್ಕದಲ್ಲಿ ಪಿಸುಮಾತು. ಎರಡನೇ ಸಲ: ಬಾಯಿಪಾಠದ ಮಾತು, ಪ್ರಾಸಬದ್ಧ, ಒತ್ತಾಯದ ಶಂಕೆ ಬಲವಾಗಿದೆ. ಪಡೆಯುವವರು ಇರುವ ಜಾಗ: ಸೊಲ್ಲಾಪುರ, ತುರ್ತು ಚಿಕಿತ್ಸಾ ವಿಭಾಗ. ಅವಳ ನಗು ಅಲ್ಲೇ ಇಂಗಿತು. ಮೂರು ಸಲದಲ್ಲಿ ಇನ್ನೊಂದೇ ಅವಕಾಶವಿತ್ತು. ಅದೂ ತಪ್ಪಿದರೆ ಬೀಗ.

ಗ್ರಾಹಕರಿಗೆ ಫೋನು ಮಾಡುವಂತಿಲ್ಲ ಎಂಬ ನಿಯಮ ಅವಳಿಗೆ ಗೊತ್ತಿತ್ತು. ಪರದೆಯಲ್ಲಿದ್ದ ನೀಲವ್ವನ ಸಂಖ್ಯೆಗೆ ಸ್ವಂತ ಫೋನಿನಿಂದ ಮಾಡಿದಳು.

"ಅವ್ವಾರ, ನಾ ನಾಗಪುರದಿಂದ ಮಾತಾಡಾಕತ್ತೀನ್ರಿ. ಒಡಪು ಹೇಳಬ್ಯಾಡ್ರಿ, ಯಂತ್ರಕ್ಕ ತಿಳಿಯೂದಿಲ್ಲ. ಬರೇ ಹೆಸರು. ತಡೀಲಾರದ ಒಮ್ಮೆ ಅಂದಬಿಡ್ರಿ."

"ನೀ ಯಾರವ್ವಾ?"

"ಯಾರರ ಇರ್ಲಿ ತಗೋರಿ. ನಿಮ್ಮ ಮಗಳು ಅಂತ ತಿಳೀರಿ. ಹೆಸರು ಹಿಡದ್ರ ಏನೂ ಆಗಂಗಿಲ್ರೀ, ಹಿಡೀದಿದ್ರ ಆಗ್ತದ."

ನೀಲವ್ವ ಫೋನು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು.

"ಮಹಾರುದ್ರಪ್ಪ" ಎಂದಳು.

'ಅವರು' ಇಲ್ಲ, ಒಡಪಿಲ್ಲ, ಬರೀ ಹೆಸರು. ಸಾಲಗಾರನನ್ನು ಕೂಗಿದ ಹಾಗೆ. ಹೇಳಿದ ಮೇಲೆ ತನ್ನ ಬಾಯಿಯನ್ನು ತಾನೇ ಬಡಿದುಕೊಂಡಳು. ಇದಕ್ಕಿಂತ ಸ್ಪಷ್ಟವಾಗಿ, ಇದಕ್ಕಿಂತ ಮನಸ್ಸಿಟ್ಟು ಆ ಹೆಸರನ್ನು ಯಾರೂ ಹೇಳಲಾರರು.

ಕವಲುಮನೆ ಅದನ್ನೂ ತೂಗಿತು. ಎರಡು ಸಲ ಅಳುಕಿದ ಹೆಂಗಸಿಗೆ ಅಪರಿಚಿತ ಸಂಖ್ಯೆಯಿಂದ ಫೋನು ಬಂದಿದೆ. ಫೋನಿನ ಮಾತು ಮುಗಿದ ಕೂಡಲೇ ಅವಳು ಹೇಳಿಸಿಕೊಟ್ಟಂತೆ ಹೆಸರು ಹೇಳಿದ್ದಾಳೆ. ಕಳ್ಳರು ಮಾಡುವುದೂ ಅಚ್ಚೊತ್ತಿದ ಹಾಗೆ ಇದನ್ನೇ. ಯಂತ್ರದ ತಪ್ಪು ಏನಿದೆ ಹೇಳಿ? ಅದಕ್ಕೆ ಕಲಿಸಿದ್ದನ್ನು ಅದು ಅಚ್ಚುಕಟ್ಟಾಗಿ ಕಲಿತಿತ್ತು.

"ಕ್ಷಮಿಸಿ. ನಿಮ್ಮ ಸುರಕ್ಷತೆಗಾಗಿ ಈ ಹಣವನ್ನು ತಡೆಹಿಡಿಯಲಾಗಿದೆ. ಮಹಾರುದ್ರಪ್ಪ ಎಂಬವರಿಂದ ನಿಮಗೆ ತೊಂದರೆಯಿದ್ದರೆ ಸಹಾಯವಾಣಿಗೆ ಕರೆ ಮಾಡಿ. ನೀವು ಒಬ್ಬಂಟಿಯಲ್ಲ."

ಹಸೀನಾ ತಡಮಾಡಲಿಲ್ಲ. ರೊಟ್ಟಿ ಕೇಂದ್ರದ ಹೆಂಗಸರನ್ನೆಲ್ಲ ಕರೆತಂದು, ಹೆಸರು ಕೇಳದಷ್ಟು ಸಣ್ಣ ಮೊತ್ತಗಳನ್ನು ಒಬ್ಬೊಬ್ಬರಿಂದ ಕಳಿಸಿ ನೋಡಿದಳು. ಒಂದೂ ದಾಟಲಿಲ್ಲ. ಶಂಕಿತನ ಖಾತೆಗೆ ಬೀಗ ಬಿದ್ದಿತ್ತು, ಒಳಗೆ ಹೋಗುವ ಬಾಗಿಲಿಗೂ. ಸೊಲ್ಲಾಪುರದ ಗುಮಾಸ್ತ ಆಗಾಗ ಫೋನು ಮಾಡಿ "ಬಂದಿಲ್ರೀ ಅವ್ವಾರ, ಇನ್ನೂ ಬಂದಿಲ್ಲ" ಎನ್ನುತ್ತಿದ್ದ. ಕೊನೆಗೆ ಫೋನು ಮಾಡುವುದನ್ನು ಬಿಟ್ಟ. ತಾಸುಗಳು ತೀರಿದ್ದವು.

ಅನ್ನಪೂರ್ಣಾ ವರದರಾಜನ ಕೋಣೆಗೆ ನುಗ್ಗಿ ಮೇಜು ಕುಟ್ಟಿ ಮಾತಾಡಿದಳು. ಒಡಪು ಎಂದರೇನು ಎಂದು ವಿವರಿಸಿದಳು. ಅವನು ಕೇಳಿಸಿಕೊಂಡ. ಅವನು ಕೆಟ್ಟವನಾಗಿದ್ದರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

"ನೋಡಮ್ಮ, ನಮ್ಮಪ್ಪನ್ನ ಹೀಗೇ ಫೋನಲ್ಲಿ ಕೂರಿಸಿಕೊಂಡಿದ್ರು" ಎಂದ ಮೆಲ್ಲಗೆ. "ಮೈಸೂರಲ್ಲಿ, ನಮ್ಮ ಮನೇಲೇ. ನಾನು ಪಕ್ಕದ ರೂಮಲ್ಲಿ ಕೂತು ಕೆಲಸ ಮಾಡ್ತಿದ್ದೆ. ಎಲ್ಲಾ ಹೋದ್ಮೇಲೆ ಅವರು ನನ್ನ ಮುಖ ನೋಡೋಕೆ ನಾಚಿಕೊಂಡು ನೇಣು ಹಾಕ್ಕೊಂಡ್ರು. ಈ ಯಂತ್ರ ಅವತ್ತು ಇದ್ದಿದ್ರೆ ಅವರು ಇವತ್ತು ಇರ್ತಿದ್ರು. ದಿನಾ ಎಷ್ಟು ಅಪ್ಪಂದಿರು ಉಳೀತಿದಾರೆ ಗೊತ್ತಾ?"

"ಇವರೂ ಒಬ್ಬರ ಅಪ್ಪ ಆಗಿರಬಹುದು ಸಾರ್."

"ನಿಮ್ಮ ಒಡಪನ್ನ ಯಂತ್ರಕ್ಕೆ ಕಲಿಸಬಹುದಮ್ಮ. ಕಲಿಸಿದ ಮಾರನೇ ದಿನ ಕಳ್ಳರೂ ಒಡಪು ಕಲೀತಾರೆ. ಆಮೇಲೆ?"

ಅನ್ನಪೂರ್ಣಾ ತನ್ನ ಮೇಜಿಗೆ ವಾಪಸಾದಳು. ನಿಯಮ ಮೀರಿ ಫೋನು ಮಾಡಿದ್ದಕ್ಕೆ ಅವಳಿಗೊಂದು ಎಚ್ಚರಿಕೆ ಪತ್ರ ಬಂತು. ವರದರಾಜ ಕೆಲಸ ಮಾತ್ರ ಉಳಿಸಿಕೊಟ್ಟ.

ಮಹಾರುದ್ರಪ್ಪ ಬದುಕಿದ. ಬಲಗೈ, ಬಲಗಾಲು ಹೋದವು. ಅವುಗಳ ಜೊತೆ ಮಾತೂ ಹೋಯಿತು. ಎಲ್ಲ ಕೇಳಿಸುತ್ತಿತ್ತು, ತಿಳಿಯುತ್ತಿತ್ತು, ನೀರು ಬೇಕೆಂದರೆ ನೀರು ಎಂಬ ಶಬ್ದ ಸಿಗುತ್ತಿರಲಿಲ್ಲ. ಹುಡುಕಿ ಹುಡುಕಿ, ಸೋತು, ಎಡಗೈಯಿಂದ ಮಂಚ ಗುದ್ದುತ್ತಿದ್ದ. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನು. ನೀಲವ್ವ ರಾತ್ರಿಹಗಲು ಒಂದೇ ಮಾತು ಹಲುಬುತ್ತಿದ್ದಳು, "ನಾ ಹೆಸರು ಹಿಡದೆ, ಅದಕ್ಕ ಹಿಂಗಾತು." ಹೆಸರು ಹಿಡಿಯಲು ತಡಮಾಡಿದ್ದಕ್ಕೆ ಹೀಗಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ಹಾಗೆ ಹೇಳಿದರೆ ಅದೂ ಸುಳ್ಳೇ.

ತಿಂಗಳುಗಳು ಕಳೆದವು. ಬಾಗಲಕೋಟೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಮಾತಿನ ವೈದ್ಯೆ ಒಂದು ದಿನ ಕೇಳಿದಳು: "ಇವ್ರಿಗೆ ಹಾಡು, ವಚನ, ಏನರ ಬಾಯಿಪಾಠ ಬರ್ತಿತ್ತೇನ್ರಿ? ಹೊಸದಾಗಿ ಮಾತು ಕಟ್ಟೂ ಜಾಗ ಮೆದುಳಿನ ಎಡಕ್ಕ ಇರ್ತದ, ಅದು ಸತ್ತೈತಿ. ಬಾಯಿಪಾಠ ಇರೂದು ಬ್ಯಾರೆ ಕಡೆ. ಅದು ಉಳದಿರಬಹುದು."

ನೀಲವ್ವ ಗಂಡನ ಮುಂದೆ ಕೂತಳು. ಅವನ ಎಡಗೈ ಹಿಡಿದುಕೊಂಡು, ಎಂದೂ ತಾನು ಹೇಳದ ಅವನ ಒಡಪನ್ನು ತಾನೇ ಶುರುಮಾಡಿದಳು. "ಗುಳೇದಗುಡ್ಡದ ಖಣಾ ತಂದೆ..."

ಅವನ ತುಟಿ ಅಲುಗಿತು. "ಇಲಕಲ್ಲ ಸೀರಿ ತಂದೆ" ಎಂದ. ಒಂದು ಅಕ್ಷರವೂ ಮುರಿಯಲಿಲ್ಲ. "ನೀಲವ್ವನ ನಗಿ ಮುಂದ ಎಲ್ಲಾ ಕಡಿಮಿ ಅಂದೆ."

ಹಸೀನಾ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದಳು. ಓಣಿಯ ಹೆಂಗಸರು ಬಾಗಿಲಲ್ಲಿ ಮುಕುರಿದರು. ಅವರೆಲ್ಲರ ಮುಂದೆ ಅವನು ಅದನ್ನು ಮತ್ತೆ ಮತ್ತೆ ಹೇಳಿದ, ಹೇಳಿ ಅತ್ತ, ಅತ್ತು ಹೇಳಿದ. ಅವನ ಬಾಯಲ್ಲಿ ಉಳಿದಿದ್ದದ್ದು ಅಷ್ಟೇ. ನೀರು ಬೇಕಾದರೂ ಅದನ್ನೇ ಹೇಳುತ್ತಿದ್ದ, ಹಸಿವಾದರೂ ಅದನ್ನೇ. ಯಾವ ಒಡಪು ನೀರು, ಯಾವ ಒಡಪು ಅನ್ನ ಎಂದು ನೀಲವ್ವ ದನಿಯಿಂದಲೇ ತಿಳಿಯತೊಡಗಿದಳು. ಅವಳು ಈಗ ಗದರುತ್ತಿರಲಿಲ್ಲ, ಮಂದಿ ನೋಡುತ್ತಾರೆಂಬ ನಾಚಿಕೆಯೂ ಹೋಗಿತ್ತು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ನೀಲವ್ವನ ಗಳಿಕೆ ಅಷ್ಟರಲ್ಲಿ ಆಸ್ಪತ್ರೆಗೇ ಕರಗಿತ್ತು, ಮಾತಿನ ವೈದ್ಯೆಯ ಚಿಕಿತ್ಸೆ ಮುಂದುವರಿಯಬೇಕೆಂದು ವ್ಯಾನನ್ನು ಮಾರಿದರು. ವ್ಯಾನು ಅವನ ಹೆಸರಿನಲ್ಲಿತ್ತು, ಹಣ ಅವನ ಖಾತೆಗೆ ಬಂತು. ಮನೆಗೆ ಬರುವ ವೈದ್ಯೆಗೆ ಆಸ್ಪತ್ರೆಯ ಕಾಯ್ದೆ ಇರಲಿಲ್ಲ, ಅದನ್ನು ನೀಲವ್ವನ ಖಾತೆಗೆ ಹಾಕಿದರೆ ಮುಂದಿನದು ಸಲೀಸು. ಮೊತ್ತ ದೊಡ್ಡದು, ಅವನು ಅವಳ ಹೆಸರನ್ನು ಹೇಳಬೇಕು, ಅಷ್ಟೇ.

"ಹೇಳ್ತಾರಲ್ಲ!" ಎಂದಳು ಹಸೀನಾ. "ಅಣ್ಣಾರು ಹೇಳೂದು ಅದೊಂದನ್ನ!"

ಗಾಲಿ ಕುರ್ಚಿಯಲ್ಲಿ ಕೂರಿಸಿ, ತಲೆಗೆ ರುಮಾಲು ಸುತ್ತಿ, ಕಿರಾಣಿ ಅಂಗಡಿಗೆ ಕರೆದೊಯ್ದರು. ನೀಲವ್ವ ಎಚ್ಚರ ವಹಿಸಿದ್ದಳು. ಹಸೀನಾಳನ್ನು ಹೊರಗೆ ನಿಲ್ಲಿಸಿದಳು, ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು, ತಾನು ತುಟಿ ಬಿಚ್ಚಲಿಲ್ಲ. ಅವನ ಬೆರಳು ಹಿಡಿದು ಮೊತ್ತ ಒತ್ತಿಸಿದಳು.

"ದಯವಿಟ್ಟು ಹಣ ಪಡೆಯುವವರ ಹೆಸರನ್ನು ಸ್ಪಷ್ಟವಾಗಿ ಹೇಳಿ."

ಮಹಾರುದ್ರಪ್ಪ ಹೆಂಡತಿಯ ಮುಖ ನೋಡಿದ. ತುಂಬು ದನಿಯಲ್ಲಿ, ಹಿಂದೆ ವ್ಯಾನಿಗೆ ರೊಟ್ಟಿ ಏರಿಸುವಾಗ ಹೇಳುತ್ತಿದ್ದ ಹಾಗೆ, ಖಣದಿಂದ ನಗುವಿನ ತನಕ ಪೂರ್ತಿ ಹೇಳಿದ.

ನಾಗಪುರದಲ್ಲಿ ಆ ದನಿ ಅನ್ನಪೂರ್ಣಾಳ ಕಿವಿಗೂ ಬಿತ್ತು. ಅವಳು ಈ ಸಲ ಫೋನು ಮಾಡಲಿಲ್ಲ.

"ಮಾತು ಸ್ವಂತದ್ದಲ್ಲ ಎಂದು ಕಂಡುಬಂದಿದೆ" ಎಂದಿತು ಪೆಟ್ಟಿಗೆ. "ಒತ್ತಾಯದ ಶಂಕಿತರು: ನೀಲವ್ವ. ಮತ್ತೊಮ್ಮೆ ಪ್ರಯತ್ನಿಸಿ. ಈ ಖಾತೆಗಳ ನಡುವೆ ಹಿಂದೆಯೂ ತಡೆ ಬಿದ್ದಿರುವುದರಿಂದ, ಮತ್ತೆ ಹೀಗೇ ಆದರೆ ಶಂಕಿತರ ಎಲ್ಲ ಖಾತೆಗಳನ್ನೂ ಮುಚ್ಚಲಾಗುವುದು."

ಎಲ್ಲ ಖಾತೆಗಳು ಎಂದರೆ ರೊಟ್ಟಿ ಕೇಂದ್ರದ್ದೂ ಸೇರಿ. ಹಸೀನಾಳ ಪಾಲು, ಹೆಂಗಸರ ಕೂಲಿ, ನಾಳೆಯ ಜೋಳ. ನೀಲವ್ವ ಕಾರ್ಡು ಕೀಳಲು ಕೈ ಚಾಚಿದಳು, ಅದು ಒಳಗೇ ಸಿಕ್ಕಿಕೊಂಡಿತ್ತು. ಪೆಟ್ಟಿಗೆ ಹಸಿರು ಕಣ್ಣು ಬಿಟ್ಟುಕೊಂಡು ಕಾಯುತ್ತಿತ್ತು.

ತಾನು ಸರಿಯಾಗಿ ಹೇಳಲಿಲ್ಲವೇನೋ ಎಂದುಕೊಂಡ ಮಹಾರುದ್ರಪ್ಪ. ಅವನ ಮುಖದ ಎಡಭಾಗ ನಕ್ಕಿತು. ಕುರ್ಚಿಯಲ್ಲಿ ಮೈ ನೆಟ್ಟಗೆ ಮಾಡಿಕೊಂಡು, ಇನ್ನೂ ಜೋರಾಗಿ ಶುರುಮಾಡಿದ.

"ಗುಳೇದಗುಡ್ಡದ..."

ನೀಲವ್ವ ತನ್ನ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.